ಬಾಣಂತಿ ಕೋಣೆಯ ಚೇಳು

ಆ ನೀಲಿ ಟಾರ್ಚು ತಂದುಕೊಟ್ಟವನು ಅಳಿಯ ಹರ್ಷವರ್ಧನ. ಹಾಸನದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವನು. ಕತ್ತಲಲ್ಲಿ ಇದರ ಬೆಳಕು ಬಿಟ್ಟರೆ ಚೇಳು ಹಸಿರಾಗಿ ಹೊಳೆಯುತ್ತದೆ ಎಂದು ಹೇಳಿ, ಬಾಣಂತಿ ಹೆಂಡತಿಯನ್ನೂ ಕೂಸನ್ನೂ ನುಗ್ಗೇಹಳ್ಳಿಯ ಮಾವನ ಮನೆಯಲ್ಲಿ ಬಿಟ್ಟು ಆರಾಮಾಗಿ ಬಸ್ಸು ಹತ್ತಿದ. ಹುಡುಕುವ ಪಾಡು ಮಾವ ದೇವರಾಜುವಿನ ತಲೆಗೆ ಬಂತು.

ಬಾಣಂತಿ ಕೋಣೆಯ ಮೇಲೇ ಅಟ್ಟ, ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ತೆಂಗಿನಕಾಯಿ. ಒಳಗಿನ ನೀರು ಇಂಗುವ ತನಕ, ಅಂದರೆ ಹೆಚ್ಚುಕಡಿಮೆ ವರ್ಷ, ಅವನ್ನು ಅಲುಗಿಸುವಂತಿಲ್ಲ. ಚೇಳಿಗೆ ಇದಕ್ಕಿಂತ ನೆಮ್ಮದಿಯ ಜಾಗ ಇನ್ನೆಲ್ಲಿ? ಹೆಸರಿಡುವ ಮೊದಲು ತೊಟ್ಟಿಲಿಗೆ ಹಾಕಬಾರದೆಂದು ಕೂಸು ನೆಲದ ಮೇಲೇ ತಾಯಿಯ ಮಗ್ಗುಲಲ್ಲಿ ಮಲಗುತ್ತಿತ್ತು. ಇಬ್ಬರನ್ನೂ ನಡುಮನೆಗೆ ಕರೆತಂದಿದ್ದರೆ ಮುಗಿಯುತ್ತಿತ್ತು. ಆದರೆ ಅಲ್ಲಿ ಶೀತಗಾಳಿ, ಹೆಸರಿಡುವ ತನಕ ಬಾಣಂತಿ ಹೊಸಲು ದಾಟಕೂಡದು ಎಂದು ದೇವರಾಜುವಿನ ತಾಯಿ ಲಕ್ಕಮ್ಮ ಮೊದಲ ದಿನವೇ ಹೇಳಿದ್ದಳು. ಮೊಮ್ಮಗನನ್ನು ಕಂಡ ಗಂಡಸಾದರೂ ದೇವರಾಜು ಅವ್ವನಿಗೆ ಎದುರಾಡಿದವನಲ್ಲ. ಅದಕ್ಕಿಂತ ದಿನಾ ಚೇಳು ಹುಡುಕುವುದೇ ಸಲೀಸು ಅನ್ನಿಸಿತ್ತು.

ದಿನವಿಡೀ ತೋಟದಲ್ಲಿ ದುಡಿದು ಬಂದು, ಉಂಡು, ದೀಪ ಆರಿಸಿ, ಮಂಡಿಯೂರಿ ಮೂಲೆಮೂಲೆಗೂ ಟಾರ್ಚು ಬಿಡುವುದು. ಸಿಕ್ಕಿದ್ದನ್ನು ಇಕ್ಕಳದಲ್ಲಿ ಹಿಡಿದು ಸೀಮೆಎಣ್ಣೆ ಡಬ್ಬಕ್ಕೆ ಹಾಕುವುದು. ಮಲಗಿದರೂ ನಿದ್ದೆ ಇಲ್ಲ, ಕೂಸು ಅತ್ತಾಗಲೆಲ್ಲ ಎದ್ದು ಕೂರುತ್ತಿದ್ದ. ಅವನ ಕಣ್ಣು ಗುಳಿ ಬಿದ್ದಿತ್ತು.

ಆವತ್ತು ಹಾಸಿಗೆಯ ಪಕ್ಕದ ಗೋಡೆಯ ಮೇಲೇ ಒಂದು ಕಂಡಿತು. ಮೈಯೆಲ್ಲ ಹಸಿರು, ಬೆನ್ನು ಮಾತ್ರ ಮಂಕು. ಇಕ್ಕಳ ಅಡುಗೆಮನೆಯಲ್ಲಿ ಉಳಿದಿತ್ತು. ಹೋಗಿ ತರುವಷ್ಟು ತ್ರಾಣ ಅವನಿಗಿರಲಿಲ್ಲ. ಪೊರಕೆಯ ಬುಡದಿಂದ ಅಪ್ಪಳಿಸಿದ.

ಬೆನ್ನ ಮೇಲಿದ್ದದ್ದು ಮರಿಗಳ ರಾಶಿ. ಕೆಳಗುದುರಿ ಚೆಲ್ಲಾಪಿಲ್ಲಿಯಾದವು. ಟಾರ್ಚು ಬಿಟ್ಟರೆ ಒಂದೂ ಕಾಣದು. ಎಳೆಯ ಮರಿಗಳು ಹೊಳೆಯುವುದಿಲ್ಲವೆಂದು ಅಳಿಯ ಹೇಳಿರಲಿಲ್ಲ, ಅವನಿಗಾದರೂ ಗೊತ್ತಿತ್ತೋ ಇಲ್ಲವೋ. ದೇವರಾಜು ಪೊರಕೆ ಬಿಸಾಕಿದ. ಕೂಸನ್ನು ಬಟ್ಟೆಸಮೇತ ಬಾಚಿಕೊಂಡ.

"ಅನು, ಎದ್ದೇಳವ್ವ. ಈಚೆಗೆ ನಡಿ," ಎಂದು ಮಗಳನ್ನು ಎಬ್ಬಿಸಿದ.

ಹೊಸಲಲ್ಲಿ ಲಕ್ಕಮ್ಮ ನಿಂತಿದ್ದಳು.

"ಜರುಗವ್ವ. ನಂಗೆ ಸಾಕಾಗೋಗದೆ. ಆ ಕ್ವಾಣೇಲಿ ಬೇಕಾದ್ರೆ ನೀನೇ ಮಲಕ್ಕೊ."

ಹುಟ್ಟಿದಾರಭ್ಯ ಅವನು ಅವ್ವನಿಗೆ ಹಾಗೆ ಮಾತಾಡಿರಲಿಲ್ಲ. ಲಕ್ಕಮ್ಮ ದಾರಿ ಬಿಟ್ಟಳು. ನಡುಮನೆಯ ಕಿಟಕಿಗಳನ್ನೆಲ್ಲ ಮುಚ್ಚಿ, ಸಂದಿಗೆ ತನ್ನ ಹಳೆ ಸೀರೆ ತುರುಕಿದಳು. ಆಮೇಲೆ ಕೂಸನ್ನು ಮಡಿಲಿಗೆ ಹಾಕಿಕೊಂಡು, ದೀಪದ ಬೆಳಕಿನಲ್ಲಿ ಸುತ್ತಿದ ಬಟ್ಟೆಯನ್ನು ಒಂದೊಂದೇ ಮಡಿಕೆ ಬಿಚ್ಚಿದಳು. ಕೂಸಿನ ಕತ್ತಿನ ಹತ್ತಿರದ ಮಡಿಕೆಯಲ್ಲಿ ಬೆಳ್ಳಗೆ, ಅಕ್ಕಿಕಾಳಿನಷ್ಟು, ಒಂದು ಹರಿದಾಡಿತು. ಬರಿಗೈಯಲ್ಲೇ ಅದನ್ನು ನೆಲಕ್ಕೆ ಕೊಡವಿ, ಹೊಸಕಿಹಾಕಿದಳು. ಕೂಸು ಎಚ್ಚರಗೊಳ್ಳಲೂ ಇಲ್ಲ.

ದೇವರಾಜು ಗೋಡೆಗೊರಗಿ ಕುಸಿದು ಕೂತ. ಅವ್ವ ಬೈಯಲೆಂದು ಕಾದ.

ಲಕ್ಕಮ್ಮ ಕೂಸಿಗೆ ಬಟ್ಟೆ ಮತ್ತೆ ಸುತ್ತಿದಳು. "ಇಷ್ಟ್ ದಿನ ಬಾಯ್ಬುಟ್ಟು ಯೋಳಕ್ಕೆ ನಿಂಗೇನ್ಲಾ ಆಗಿತ್ತು?" ಎಂದಳು.