ಜಗಲಿಯ ಮೇಲಿನ ಎರಡು ಜಾಡಿ

ಬೆಳಿಗ್ಗೆ ಸೌದೆ ತರಲು ಜಗಲಿಗೆ ಬಂದ ಡೆಲ್ಫೀನ್, ಅಲ್ಲಿದ್ದ ತನ್ನ ಜಾಡಿಯನ್ನು ಸುಮ್ಮನೆ ಓರೆ ಮಾಡಿದಳು. ಒಳಗಿದ್ದದ್ದು ಅಲುಗಲಿಲ್ಲ. ತಿಳಿ ಹಸಿರು ಮಂಜಿನ ಮುದ್ದೆಯಾಗಿ ಗಾಜಿಗೆ ಕಚ್ಚಿಕೊಂಡಿತ್ತು.

ಚಳಿಗೆ ಹೆಪ್ಪುಗಟ್ಟದಿರಲೆಂದು ಟ್ರಕ್ಕಿನ ರೇಡಿಯೇಟರಿಗೆ ಸುರಿದ ಆಂಟಿಫ್ರೀಜನ್ನೇ ಒಂದಿಷ್ಟು ಜಾಡಿಯಲ್ಲಿ ಹೊರಗಿಡುವುದು ಸರೋವರದ ಈ ದಡದ ಮನೆಮನೆಯ ರೂಢಿ. ಜಾಡಿಯಲ್ಲಿದ್ದದ್ದು ಅಲುಗಿದರೆ ಗಾಡಿ ಓಡುತ್ತದೆ. ಪಕ್ಕದಲ್ಲಿ ಮೈದುನ ಅಲ್ಸೀಡನ ಜಾಡಿಯಿತ್ತು, ಅರ್ಧಕ್ಕರ್ಧ ನೀರು ಬೆರೆಸಿದ್ದು. ಅದನ್ನೂ ಓರೆ ಮಾಡಿದಳು. ಜೇನಿನ ಹಾಗೆ ನಿಧಾನವಾಗಿ, ಆದರೂ ಹರಿಯಿತು.

ಅವಳ ಗಂಡ ಮೊಡೆಸ್ಟ್ ಆಚೆ ದಡದಿಂದ ಮೀನಿನ ಪೆಟ್ಟಿಗೆ ತರಲು ನಿನ್ನೆಯೇ ಟ್ರಕ್ಕು ಹತ್ತಿ ಮಂಜುಗಟ್ಟಿದ ಸರೋವರದ ಮೇಲೆ ಹೋಗಿದ್ದ. ರಾತ್ರಿ ಬರಬೇಕಾದವನು ಬಂದಿರಲಿಲ್ಲ. ಆಚೆ ದಡದಲ್ಲೇ ಉಳಿದಿರಬೇಕು ಅಂದುಕೊಂಡಿದ್ದಳು.

ಶರತ್ಕಾಲದಲ್ಲಿ ಅವನ ಸೊಂಟ ಹಿಡಿದು ಮಲಗಿದ್ದಾಗ ರೇಡಿಯೇಟರ್ ತುಂಬಿಸಿದವಳು ಇವಳೇ. ಗಂಡ ಓಡಿಸುವ ಗಾಡಿಯೆಂದು ಒಂದು ಹನಿ ನೀರು ಸೋಕಿಸದೆ ಡಬ್ಬಿಗಟ್ಟಲೆ ಸುರಿದಿದ್ದಳು.

"ಅತ್ತಿಗೆ, ನೀರು ಬೆರೆಸಿ ಅಂತ ಡಬ್ಬಿ ಮೇಲೇ ಬರೆದಿದೆಯಲ್ಲ" ಎಂದಿದ್ದ ಅಲ್ಸೀಡ್.

"ಅದು ನಿನ್ನಂಥ ಜಿಪುಣರಿಗೆ ಬರೆದಿರೋದು."

ಕಿಟಕಿಯ ಒಳಗಿಂದ ಮೊಡೆಸ್ಟ್ ನಕ್ಕಿದ್ದ. "ಲೋ, ಹೋದ ವರ್ಷ ಜಗಲೀಲಿಟ್ಟ ವಿಸ್ಕಿ ಮರೆತ್ಯಾ? ನೀನು ನೀರು ಬೆರೆಸಿದ್ದ ಬಾಟ್ಲಿ ಒಡೀತು, ನಂದು ಹಾಗೇ ಇತ್ತು. ಇದೂ ಆಲ್ಕೋಹಾಲಿನ ಜಾತೀದೇ, ಕುಡಿಯೋಕಾಗಲ್ಲ ಅಷ್ಟೆ. ಅವಳು ಮಾಡ್ತಿರೋದೇ ಸರಿ."

ಆಮೇಲೆ ಚಳಿಗಾಲವೂ ಮೆತ್ತಗೇ ಇತ್ತು, ನಿನ್ನೆಯವರೆಗೆ.

ಅವಳು ತನ್ನ ಜಾಡಿ ಹಿಡಿದುಕೊಂಡೇ ಒಳಗೆ ಓಡಿ ಅಲ್ಸೀಡನನ್ನು ಎಬ್ಬಿಸಿದಳು. ಅವನು ಅದನ್ನು ನೋಡಿದವನೇ ಬೂಟು ಹುಡುಕಿದ.

"ನೀರೇ ಇಲ್ದಿದ್ದು ಹೇಗೋ ಗಟ್ಟಿಯಾಗುತ್ತೆ?"

"ಇದು ವಿಸ್ಕಿ ಅಲ್ಲ ಅತ್ತಿಗೆ. ಇದೊಂದೇ ಇದ್ರೂ ಗಟ್ಟಿಯಾಗುತ್ತೆ, ನೀರೊಂದೇ ಇದ್ರೂ ಆಗುತ್ತೆ. ಬೆರೆತ್ರೆ ಮಾತ್ರ ತಡೆಯೋದು. ಕಂಬಳಿ ತಗೋ."

ಹಿಮದ ಮೇಲೆ ಓಡುವ ಮೋಟಾರು ಬಂಡಿಯಲ್ಲಿ ಅವನ ಬೆನ್ನಿಗೆ ಮುಖ ಒತ್ತಿ ಕೂತಳು. ಸರೋವರದ ನಡುವೆ ಟ್ರಕ್ಕು ಬಾನೆಟ್ ತೆರೆದುಕೊಂಡು ನಿಂತಿತ್ತು. ವಾಪಸು ಬರುವ ದಾರಿಯಲ್ಲಿ ಮೊಡೆಸ್ಟ್ ಇಂಜಿನ್ ಆರಿಸಿ ಒಂದು ನಿದ್ದೆ ತೆಗೆದಿದ್ದನಂತೆ. ಅಷ್ಟರಲ್ಲಿ ರೇಡಿಯೇಟರಿನೊಳಗಿದ್ದದ್ದು ಗಟ್ಟಿಯಾಗಿತ್ತು. ಮತ್ತೆ ಹೊರಟಾಗ, ತಂಪು ಮಾಡುವ ದ್ರವ ಹರಿಯದೆ ಇಂಜಿನ್ ಕಾದು ಸತ್ತಿತ್ತು. ಕೈಗವಸು ಬಿಚ್ಚಿ, ಕೊಳವೆಯೊಳಗಿನ ಹಸಿರು ಮುದ್ದೆಯನ್ನು ಬೆರಳಿನಿಂದ ಕೆರೆದು ತೆಗೆದಿದ್ದ. ಬೆರಳಿಗೆ ಹತ್ತಿದ ಆ ಒದ್ದೆ ಆರುವಂಥದ್ದಲ್ಲ, ಚಳಿ ಅಲ್ಲೇ ಕಚ್ಚಿತ್ತು. ಮೀನಿನ ಪೆಟ್ಟಿಗೆಗಳನ್ನು ಒಡೆದು ಸುಟ್ಟು ಜೀವ ಉಳಿಸಿಕೊಂಡಿದ್ದ. ಕೈಗಳು ಮೇಣದ ಬತ್ತಿಯಂತೆ ಬಿಳಿಚಿದ್ದವು.

"ಚೆನ್ನಾಗಿರೋದನ್ನೇ ಹಾಕಿದ್ಯಲ್ಲೇ" ಎಂದ. ಬಯ್ದನೋ ಕೇಳಿದನೋ ಗೊತ್ತಾಗಲಿಲ್ಲ.

ಆಸ್ಪತ್ರೆಯಲ್ಲಿ ಎರಡು ಹೆಬ್ಬೆರಳು ಉಳಿಸಿದರು, ಬೇರೆ ಯಾವ ಬೆರಳೂ ಉಳಿಯಲಿಲ್ಲ.

ಚಳಿ ಇನ್ನೂ ಇದ್ದಾಗಲೇ ಅಲ್ಸೀಡ್ ಹಳೆಯ ಇಂಜಿನ್ ಒಂದನ್ನು ಕೂರಿಸಿದ. ಬ್ಯಾಂಡೇಜಿನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಮೊಡೆಸ್ಟ್ ಜಗಲಿಯ ಮೇಲೆ ಕೂತಿದ್ದ. ಡೆಲ್ಫೀನ್ ಆಂಟಿಫ್ರೀಜ್ ಇದ್ದ ಬಕೆಟ್ಟಿಗೆ ನೀರು ಸುರಿಯುತ್ತಾ ನಿಲ್ಲಿಸಿದಳು.

"ಸಾಕಾ?"

"ಇನ್ನೂ."

"ಇಷ್ಟು ನೀರು ಹಾಕೋಕೆ ಮನಸ್ಸೇ ಬರ್ತಿಲ್ಲ ಕಣ್ರೀ."

"ಹಾಕು. ಇನ್ಮೇಲೆ ಓಡಿಸೋಳು ನೀನು."

ಅವಳು ನೀರನ್ನು ಅರ್ಧಕ್ಕರ್ಧಕ್ಕೆ ತಂದಳು. ಒಂದು ಜಾಡಿ ತುಂಬಿಸಿ ಅವನ ಪಕ್ಕ ಇಟ್ಟಳು.

ಮರುದಿನ ಬೆಳಿಗ್ಗೆ ಅವಳು ಬಾಗಿಲು ತೆರೆದಾಗ ಅವನು ಆಗಲೇ ಅಲ್ಲಿದ್ದ. ಎರಡು ಮುಂಗೈಗಳ ನಡುವೆ ಜಾಡಿಯನ್ನು ಅಮುಕಿ ಎತ್ತಲು ನೋಡುತ್ತಿದ್ದ. ಅದು ಜಾರುತ್ತಿತ್ತು. ಅವಳು ಬಾಗಿಲಲ್ಲೇ ನಿಂತಳು.

"ಬಾ" ಎಂದ, ತಿರುಗಿ ನೋಡದೆ. "ನೀನೇ ಅಲ್ಲಾಡ್ಸು."