ದವಡೆಯ ಹಂದರ

ನಮ್ಮ ಯಜಮಾನರಿಗೆ ಯಾರ ಮಾತಿಗೂ ಬೇಡ ಎನ್ನಲು ಬಾರದು. ಇಳಕಲ್ಲಿನ ನಮ್ಮ ಓಣಿಗೆಲ್ಲ ಅದು ಒಳ್ಳೆಯ ಗುಣ. ಅದನ್ನು ಹೊತ್ತು ದಣಿದವಳು ನಾನೊಬ್ಬಳೇ.

ಹೋದ ವರ್ಷ ಅವರ ಕೆಳದವಡೆಯಲ್ಲಿ ಗಡ್ಡೆ ಬೆಳೆದಿತ್ತು. ಬಾಗಲಕೋಟೆಯ ದವಾಖಾನೆಯಲ್ಲಿ ಗಡ್ಡೆಯ ಜೊತೆ ಎಲುಬಿನ ತುಂಡನ್ನೂ ತೆಗೆದು, ಖಾಲಿ ಜಾಗದಲ್ಲಿ ಸಣ್ಣ ಸಣ್ಣ ತೂತುಗಳಿದ್ದ ಏನನ್ನೋ ಕೂರಿಸಿದರು.

"ಇದು ಎಲುಬಲ್ರಿ, ಎಲುಬಿಗೆ ಹಂದರ," ಎಂದರು ಡಾಕ್ಟರ್ ಸಾಜಿಯಾ. "ಹೀರಿಬಳ್ಳಿ ಹಬ್ಬಿದಂಗ ನಿಮ್ಮ ಎಲುಬು ಇದರಾಗ ಹಬ್ಬತೈತಿ. ಆಮ್ಯಾಲೆ ಹಂದರ ತಾನ ಕರಗತೈತಿ. ಅಲ್ಲೀತನಕ ಅಳ್ಳಾಡಬಾರ್ದು. ಗಂಜಿ, ಹಾಲು ಅಷ್ಟ."

ಹೊಲಿಗೆ ಬಿಚ್ಚಿದ ಮೇಲೆ ರೊಟ್ಟಿ ಪಂಚಮಿ ಬಂತು. ಹೆಂಗಸರು ಖಡಕ್ ರೊಟ್ಟಿ ಮಾಡಿ ಮನೆಮನೆಗೆ ಹಂಚುವ ದಿನ. ಅಂದು ರೊಟ್ಟಿ ಬೇಡ ಎಂದರೆ ಕೊಟ್ಟವರನ್ನೇ ಬೇಡ ಎಂದಂತೆ. ಎದುರು ಮನೆಯ ರೇಣವ್ವಕ್ಕ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ತಂದಾಗ ನಾನು ಮನೆಯಲ್ಲಿರಲಿಲ್ಲ. "ಒಂದು ತುಂಡರ ಮುರಿಯೋ ಲಕ್ಷ್ಮಣ, ವರ್ಷದ ಹಬ್ಬ," ಎಂದಳಂತೆ. ಈ ಮಹಾನುಭಾವರು ಮುರಿದರು, ಅಗಿದರು. ಹಂದರ ಜರುಗಿತು, ಕೀವು ತುಂಬಿತು. ಎಲ್ಲ ಕಿತ್ತು, ಗಾಯ ಮಾಗಿದ ಮೇಲೆ ಮತ್ತೆ ಹೊಸದು ಕೂರಿಸಿದರು.

"ಇದೂ ಕೆಟ್ಟರ ಮತ್ತ ಮಾಡಾಕ ಆಗಾಂಗಿಲ್ರಿ," ಎಂದಿದ್ದರು ಡಾಕ್ಟರು.

ಅಂದಿನಿಂದ ರೇಣವ್ವಕ್ಕ ನಮ್ಮ ಹೊಸ್ತಿಲು ತುಳಿಯಲಿಲ್ಲ. ನಾನು ಅವಳಿಗೆ ಏನೂ ಅಂದಿರಲಿಲ್ಲ. ಅನ್ನುವುದನ್ನೆಲ್ಲ ಗಂಡನಿಗೇ ಅಂದು ಮುಗಿಸಿದ್ದೆ. ಗಂಜಿ ಕುದಿಸುವುದು, ಸೋಸುವುದು, ಬಾಗಲಕೋಟೆ ಬಸ್ಸಿನಲ್ಲಿ ತೂಕಡಿಸುವುದು. ವರ್ಷ ಅದರಲ್ಲೇ ಹೋಯಿತು. ಸಿಟ್ಟು ಮಾಡುವ ಶಕ್ತಿಯೂ ನನ್ನಲ್ಲಿ ಉಳಿಯಲಿಲ್ಲ.

ಈ ವರ್ಷ ರೊಟ್ಟಿ ಪಂಚಮಿಯ ದಿನವೇ ದವಡೆಯ ಎಕ್ಸ್‌ರೇ ಫೋಟೋ ತೆಗೆದರು. ಡಾಕ್ಟರು ಫೋಟೋ ನೋಡಿದರು, ನಾನು ಅವರ ಮುಖ ನೋಡಿದೆ.

"ಎಲುಬು ಚಲೋ ಹಬ್ಬೇತ್ರಿ. ಇನ್ನ ಹಾಲಾಗ ನೆನಸಿದ ರೊಟ್ಟಿ ತಿನ್ನಲಿ. ಸ್ವಲ್ಪ ಸ್ವಲ್ಪ."

ನಾವು ಊರಿಗೆ ಬಂದಾಗ ಓಣಿಯಲ್ಲಿ ರೊಟ್ಟಿ ಹಂಚುತ್ತಿದ್ದರು. ರೇಣವ್ವಕ್ಕ ಬುಟ್ಟಿ ಹಿಡಿದು ನಮ್ಮ ಬಾಗಿಲು ದಾಟಿ ಮುಂದೆ ಹೋದಳು.

"ಅಕ್ಕಾ, ನಮ್ಮ ಪಾಲಿನ ರೊಟ್ಟಿ ಎಲ್ಲಿ?" ಎಂದೆ.

"ಬ್ಯಾಡ ಮಹಾದೇವಿ. ನನ್ನ ರೊಟ್ಟಿ ಒಮ್ಮೆ ತಿಂದದ್ದ ಸಾಕು."

"ಎಲುಬು ಹಬ್ಬೇತಂತ. ಬಾ ಒಳಗ."

ಅವಳೇ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ, ಬೆರಳಿನಿಂದ ಹಿಚುಕಿ ಹಿಚುಕಿ ನೋಡಿ ಬಟ್ಟಲು ಕೊಟ್ಟಳು. ಇವರು ಒಂದು ತುತ್ತು ಅಗಿದರು. ನಾವಿಬ್ಬರೂ ಆ ದವಡೆಯನ್ನೇ ನೋಡುತ್ತ ಕುಳಿತೆವು. ಏನೂ ಆಗಲಿಲ್ಲ. ಬಟ್ಟಲು ಖಾಲಿಯಾಯಿತು. ರೇಣವ್ವಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆದರೆ ರೂಢಿ ಎಲ್ಲಿ ಹೋದೀತು? ಮತ್ತೆ ಬುಟ್ಟಿಗೆ ಕೈ ಹಾಕಿದಳು.

"ಇನ್ನೊಂದು ತುಂಡು ತಗೋ ತಮ್ಮಾ."

ತಡೆಯಲು ನಾನು ಕೈ ಚಾಚಿದೆ.

ಅಷ್ಟರಲ್ಲಿ ಇವರೇ ಬಟ್ಟಲನ್ನು ಅಂಗೈಯಿಂದ ಮುಚ್ಚಿದರು. "ಬ್ಯಾಡಕ್ಕಾ. ಸಾಕು."

ಮದುವೆಯಾದಾಗಿನಿಂದ ಅವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ನಾನು ಗೋಡೆಗೆ ಒರಗಿ ಗಟ್ಟಿಯಾಗಿ ಅತ್ತುಬಿಟ್ಟೆ.