ಎಡಗಡೆಯ ಕನ್ನಡಿ

ನಮ್ಮ ಮಾವ ಸೋಮಶೇಖರಪ್ಪನವರು ಆದೋನಿಯಲ್ಲಿ ಹತ್ತಿ ವ್ಯಾಪಾರಿ. ಚೀಲದ ಬಾಯಲ್ಲಿ ಕಾಣುವ ಹತ್ತಿಯನ್ನು ಅವರು ಯಾವತ್ತೂ ನಂಬಿದವರಲ್ಲ. ಮೊಣಕೈವರೆಗೆ ಕೈ ತೂರಿಸಿ, ತಳದಿಂದ ಒಂದು ಹಿಡಿ ಕಿತ್ತು, ಹಸಿಯೋ ಒಣಗಿದ್ದೋ ಎಂದು ಹಿಚುಕಿ ನೋಡಿದ ಮೇಲೆಯೇ ಮಾತು. ವ್ಯಾಪಾರಕ್ಕೆ ಒಳ್ಳೆಯ ಗುಣವೇ ಅದು. ಆದರೆ ಅವರು ಆ ಕೈಯನ್ನು ಮನೆಗೂ ತರುತ್ತಾರೆ. ಅವರ ಮಗ, ಅಂದರೆ ನನ್ನ ಗಂಡ ವಾಗೀಶನಿಗೂ ಅದೇ ಕೈ ಬಂದಿದೆ. ಕಾರಿನ ಕನ್ನಡಿ ಕೆಟ್ಟ ದಿನದಿಂದ ಅಪ್ಪ ಮಗ ಸೇರಿ ಚೀಲದಂತೆ ಹಿಡಿದು ನೋಡಿದ್ದು ನನ್ನನ್ನು.

ನಾನು ಕೌತಾಳಂ ಕಡೆಯ ಒಂದು ಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತೇನೆ. ಬಸ್ಸಿಗೆ ಹೋದರೆ ಮೊದಲನೆಯ ಪೀರಿಯಡ್ ತಪ್ಪುತ್ತದೆ. ಅದಕ್ಕೇ ಹಟ ಹಿಡಿದು ಕಾರು ಕಲಿತೆ. ನಮ್ಮ ಓಣಿಯಲ್ಲಿ ಕಾರು ಓಡಿಸುವ ಸೊಸೆ ನಾನೊಬ್ಬಳೇ, ಆದ್ದರಿಂದ ನಾನು ಹೊರಟರೆ ಎಲ್ಲರ ಮನೆಯ ಬಾಗಿಲೂ ತೆರೆಯುತ್ತಿತ್ತು. ಕಾರು ಕಪ್ಪು ಬಣ್ಣದ್ದು. ಕೀಲಿಯ ಗುಂಡಿ ಒತ್ತಿ ಲಾಕ್ ಮಾಡಿದರೆ ಎರಡೂ ಬದಿಯ ಕನ್ನಡಿಗಳು ತಾವಾಗಿಯೇ ಮಡಚಿಕೊಳ್ಳುತ್ತವೆ, ಲಾಕ್ ತೆಗೆದರೆ ಬಿಚ್ಚಿಕೊಳ್ಳುತ್ತವೆ. ಒಂದು ಬೆಳಿಗ್ಗೆ ಬಲಗಡೆಯದು ಬಿಚ್ಚಿಕೊಂಡಿತು, ಎಡಗಡೆಯದು ಕರ್ರೆಂದು ನರಳಿ ಅರ್ಧಕ್ಕೇ ನಿಂತಿತು.

"ಎಲ್ಲಿ ತಾಗಿಸಿದಿ?" ವಾಗೀಶ ಕೇಳಿದ.

"ಎಲ್ಲೂ ತಾಗಿಸಿಲ್ಲ."

"ನಾ ಏನೂ ಬೈಯಂಗಿಲ್ಲ, ಹೇಳಿಬಿಡು. ಹೊಸದಾಗಿ ಕಲತವರಿಗೆ ಎಡಗಡಿ ಅಂದಾಜು ಸಿಗಂಗಿಲ್ಲ."

ಬೈಯುವುದಿಲ್ಲ ಎನ್ನುವ ಗಂಡನಷ್ಟು ಸಿಟ್ಟು ಬರಿಸುವವರು ಬೇರೆ ಯಾರೂ ಇಲ್ಲ. "ತಾಗಿದ್ರ ಗೀರು ಬೀಳಬೇಕಲ್ಲ? ತೋರಸ್ರಿ ಗೀರು!" ಎಂದು ಕೂಗಾಡಿದೆ.

"ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡಿಕೊಂಡಂಗಾತು," ಎಂದ.

ಮಾವ ಕನ್ನಡಕ ಏರಿಸಿಕೊಂಡು ಬಂದು ಕನ್ನಡಿಯ ಬೆನ್ನ ಮೇಲೆ ಬೆರಳಾಡಿಸಿದರು. "ಇಷ್ಟು ನುಣ್ಣಗ ಯಾಕೈತಿ? ಐತವಾರ ಕಾರು ತೊಳದಾಕಿ ಯಾರು?"

"ನಾನೇ ರೀ ಮಾವ."

"ಹೂಂ," ಎಂದರು. ಗೀರು ಇದ್ದರೆ ತಪ್ಪು, ಇಲ್ಲದಿದ್ದರೆ ತಿಕ್ಕಿ ಒರೆಸಿದ ತಪ್ಪು.

ಗ್ಯಾರೇಜಿನ ಸೂರಿಯನ್ನು ಕರೆಸಿದರು. ಅವನು ಬಗ್ಗಿಯೂ ನೋಡದೆ, "ಎಕ್ಕಡೋ ತಗಿಲಿಂದಿ ಸಾರ್. ಎಲ್ಲೋ ತಾಗೇತಿ, ಒಳಗಿನ ಮೋಟಾರು ಹೋಗೇತಿ, ಇಡೀ ಕನ್ನಡಿ ಹೊಸಾದು ಹಾಕಬೇಕು," ಎಂದು ಚಹಾ ಕುಡಿದು ಹೋದ. ಮಾವ ಕೀಲಿಯನ್ನು ಅಂಗಿಯ ಜೇಬಿಗೆ ಇಳಿಸಿದರು. ಕನ್ನಡಿ ಸರಿಯಾಗುವವರೆಗೆ ಕಾರು ಇಲ್ಲ. ಕನ್ನಡಿ ಯಾವಾಗ ಸರಿಯಾಗುತ್ತದೆ ಎಂದರೆ ವಾಗೀಶ, "ಖರೇ ಹೇಳು, ನಾಳೆಗೇ ಹಾಕಸ್ತೀನಿ," ಎನ್ನುತ್ತಿದ್ದ. ಮಾಡದ ತಪ್ಪನ್ನು ಒಪ್ಪಿಕೊಂಡು ಕೀಲಿ ಪಡೆಯುವುದಕ್ಕಿಂತ ಬಸ್ಸಿನಲ್ಲಿ ನಿಂತು ಹೋಗುವುದೇ ಮೇಲು ಎಂದುಕೊಂಡೆ. ಆದರೆ ದಿನವೂ ತಡವಾಗುತ್ತಿತ್ತು. ಹೆಡ್‌ಮಾಸ್ಟರು ಒಂದು ದಿನ ಕರೆದು, "ಹಿಂಗಾದ್ರ ಮುಂದಿನ ತಿಂಗಳಿಂದ ಬ್ಯಾರೆಯವರನ್ನ ನೋಡಬೇಕಾಗತೈತಿ ಮೇಡಂ," ಎಂದುಬಿಟ್ಟರು. ಕೆಲಸ ಹೋದರೆ ಇನ್ನು ಆ ಜೇಬಿನಿಂದ ಕೀಲಿ ಹೊರಗೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕಣ್ಣೀರು ಹಾಕಿದೆ.

ಅನುಮಾನದ ಮನೆಯಲ್ಲಿದ್ದು ನನಗೂ ಅದೇ ಚಾಳಿ ಹತ್ತಿತು. ಡಿಕ್ಕಿ ಹೊಡೆದವಳು ನಾನಲ್ಲ. ಹಾಗಾದರೆ ಯಾರು? ನನ್ನ ಕಣ್ಣು ಅತ್ತೆ ವೀರಬಸಮ್ಮನವರ ಮೇಲೆ ಬಿತ್ತು. ಕಾರು ಕಲಿಯುವಾಗಲೇ ಅವರು, "ಮನಿ ಮುಂದ ಬಸ್ ನಿಂದರತೈತಲ್ಲವಾ," ಎಂದಿದ್ದರು. ನಾನು ಮೊದಲ ಸಲ ಒಬ್ಬಳೇ ಹೊರಟ ದಿನ ಕಾರಿನ ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ ತೂಗಿಬಿಟ್ಟಿದ್ದರು. ಮಕ್ಕಳು ನಗುತ್ತಾರೆಂದು ನಾನು ಅದನ್ನು ಕಿತ್ತುಹಾಕಿದ್ದೆ. ಆ ಸಿಟ್ಟು ಇರಬೇಕು. ಕನ್ನಡಿ ಕೆಟ್ಟ ಮೇಲೂ, "ದೃಷ್ಟಿ ಆಗೇತಿ, ಮತ್ತೇನಲ್ಲ," ಎಂದು ಗೊಣಗುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ಕನ್ನಡಿ ಕೆಡುವ ಮೊದಲು ಒಂದು ಮುಂಜಾನೆ ಅವರು ಕಾರಿನ ಎಡಗಡೆ ನಿಂತು ಏನೋ ಮಾಡುತ್ತಿದ್ದವರು ನನ್ನನ್ನು ಕಂಡು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಿದ್ದರು. ಆಗ ಅದು ಲೆಕ್ಕಕ್ಕೆ ಬಂದಿರಲಿಲ್ಲ. ಈಗ ಎಲ್ಲ ಲೆಕ್ಕ ಕೂಡಿತು. ಆ ಮುಂಜಾನೆ ಅಮಾವಾಸ್ಯೆಯದು.

ಮುಂದಿನ ಅಮಾವಾಸ್ಯೆಯ ದಿನ ಬೇಗ ಎದ್ದು, ಪರದೆಯ ಹಿಂದೆ ಕಾದು ನಿಂತೆ. ಅತ್ತೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ಹೊರಗೆ ಬಂದರು. ಆಚೆ ಈಚೆ ನೋಡಿದರು. ನೆಟ್ಟಗೆ ಎಡಗಡೆಯ ಕನ್ನಡಿಗೆ ಕೈ ಹಾಕಿದರು.

ನಾನು ಹಾರಿ ಹೋದೆ. "ಸಿಕ್ಕಿಬಿದ್ರಿ ನೋಡ್ರಿ ಅತ್ತಿ! ನೀವೇ ಮುರದು, ನನ್ನ ತೆಲಿ ಮ್ಯಾಲೆ ಹಾಕೀರಿ!"

ಅತ್ತೆ ಬೆಚ್ಚಿದರು. ಅವರ ಕೈಯಲ್ಲಿ ಕರಿ ಕಂಬಳಿಯ ದಾರವಿತ್ತು. "ಮುರಿಯಾಕ ನನಗೇನು ಹುಚ್ಚೇನು? ದಾರ ಕಟ್ಟಾಕತ್ತೀನಿ. ಮಠದ ರೇವಣಸಿದ್ದಯ್ಯನೋರು ಮಂತ್ರಿಸಿ ಕೊಟ್ಟಾರ. ನೀ ನಿಂಬಿಹಣ್ಣು ಕಿತ್ತಿ ಒಗದಿ, ಅದಕ್ಕ ಅಮಾಸಿಗೊಮ್ಮೆ ನಿನಗ ಕಾಣದಂಗ ಸಂದಿನಾಗ ಕಟ್ಟತೀನಿ."

"ಬರೇ ಎಡಗಡಿಗೆ ಯಾಕ?"

"ಗಂಡಸರು ಬಲಗೈಗೆ ಕಟ್ಟತಾರ, ಹೆಣ್ಣುಮಕ್ಕಳು ಎಡಗೈಗೆ. ಗಾಡಿ ನಡಸಾಕಿ ನೀನಲ್ಲೇನು? ಒಬ್ಬಾಕೀನೇ ಅಷ್ಟು ದೂರ ಹೋಗತಿ. ನೀ ಬರೋತನಕ ನನಗ ಅನ್ನ ಇಳಿಯಂಗಿಲ್ಲವಾ."

ಬಗ್ಗಿ ನೋಡಿದೆ. ಕನ್ನಡಿ ತಿರುಗುವ ಸಂದಿನಲ್ಲಿ, ಕಪ್ಪಿನೊಳಗೆ ಕಪ್ಪಾಗಿ, ಹಳೆಯ ದಾರದ ಮೇಲೆ ಹೊಸ ದಾರ, ಅದರ ಮೇಲೆ ಮತ್ತೊಂದು ಸುತ್ತಿಕೊಂಡಿತ್ತು.

"ಹಳೇದು ಯಾಕ ಬಿಚ್ಚಿಲ್ಲರೀ?"

"ಕಟ್ಟಿದ್ದು ಬಿಚ್ಚಬಾರದು. ತಾನಾಗಿ ಹರದು ಬೀಳಬೇಕು."

ನಾನು ಉಗುರಿನಿಂದ ಮೀಟಿದೆ. ಒಂದು ತುಂಡು ದಾರ ಬಂತು, ಅದರ ಜೊತೆ ಪುಡಿಯಾದ ಪ್ಲಾಸ್ಟಿಕ್ ಚೂರು ಉದುರಿತು. ಮಡಚಿ ಬಿಚ್ಚುವಾಗಲೆಲ್ಲ ಉಣ್ಣೆ ಒಳಗೆ ಬಿಗಿದು ಬಿಗಿದು ಮೋಟಾರಿನ ಹಲ್ಲು ಮುರಿದಿತ್ತು. ಅತ್ತೆಗೆ ಅದನ್ನು ವಿವರಿಸಬೇಕಾಗಲಿಲ್ಲ. ಚೂರನ್ನು ಅಂಗೈಯಲ್ಲಿ ಹಿಡಿದು ನೋಡಿ, "ಅಂದ್ರ ನಾನೇ ಮುರದೀನೇನು?" ಎಂದರು. ಮುಖ ಸಣ್ಣದಾಯಿತು. ಪಾಪ ಅನ್ನಿಸಿತು, ನನ್ನ ಮೇಲೆ ನನಗೇ ಹೇಸಿಗೆಯೂ ಆಯಿತು.

ಅತ್ತೆ ನೆಟ್ಟಗೆ ಪಡಸಾಲೆಗೆ ನಡೆದರು. ಅಪ್ಪ ಮಗ ಉಪ್ಪಿಟ್ಟು ತಿನ್ನುತ್ತಿದ್ದರು. ದಾರ, ಚೂರು ಎರಡನ್ನೂ ಅವರ ಮುಂದಿಟ್ಟು, "ಕನ್ನಡಿ ಮುರದಾಕಿ ನಾನು. ಈ ದಾರ ಕಟ್ಟಿ ಮುರದೀನಿ. ಕೀಲಿ ಕೊಡ್ರಿ," ಎಂದರು.

ಮಾವ ದಾರವನ್ನು ಎತ್ತಿ, ಹಿಚುಕಿ, ಬೆಳಕಿಗೆ ಹಿಡಿದರು. "ದಾರಕ್ಕ ಮೋಟಾರು ಹೋಗತೈತಾ? ಸೊಸಿನ ಬಚಾವ್ ಮಾಡಾಕ ಈಗ ಸಂದಿನಾಗ ತುರುಕಿ, ಕಿತ್ತು ತಂದೀ."

ವಾಗೀಶ ನಕ್ಕ. "ಯವ್ವಾ, ನೀ ಇದರಾಗ ಬರಬ್ಯಾಡ. ಆಕಿ ಹೇಳಿಕೊಟ್ಟಿದ್ದು ಹೇಳಬ್ಯಾಡ."

ಅತ್ತೆ ನನ್ನ ಕಡೆ ತಿರುಗಿದರು. ಅಷ್ಟು ವರ್ಷ ಆ ಮನೆಯಲ್ಲಿ ಬದುಕಿದ ಅವರಿಗೆ ಅಂದು ಮೊದಲ ಸಲ ಆಶ್ಚರ್ಯವಾದಂತಿತ್ತು. "ನಾ ಖರೇನೇ ಹೇಳಾಕತ್ತೀನಿ. ಇವರು ನಂಬವಲ್ರಲ್ಲವಾ?"

"ನಾನೂ ಅದನ್ನೇ ಹೇಳಿಕೋತ ಬಂದೀನಿ, ಅತ್ತಿ."

ಅವರು ಗಂಡನ ಅಂಗಿಯ ಜೇಬಿಗೆ ಕೈ ತೂರಿಸಿ, ತಳದಿಂದ ಕೀಲಿ ಕಿತ್ತು ತೆಗೆದು ನನ್ನ ಕೈಗಿಟ್ಟರು. ಮಾವನ ಬಾಯಲ್ಲಿದ್ದ ಉಪ್ಪಿಟ್ಟು ಅಲ್ಲೇ ನಿಂತಿತು.

"ನಡಿ, ಸಾಲಿಗೆ ಹೊತ್ತಾಗತೈತಿ," ಎಂದರು ಅತ್ತೆ.

"ಎಡಗಡಿ ಕನ್ನಡಿ ಇಲ್ಲದ ಹೆಂಗ ಹೋಗತೀರಿ?" ವಾಗೀಶ ಹಿಂದಿನಿಂದ ಕೂಗಿದ.

"ನಾ ಕುಂದರತೀನಿ ಎಡಗಡಿ. ನನಗ ಕಣ್ಣಿಲ್ಲೇನು?"

ಅತ್ತೆ ಸೆರಗು ಬಿಗಿದು ಸೀಟಿನಲ್ಲಿ ಕುಳಿತು, ಕಿಟಕಿಯ ಗಾಜು ಇಳಿಸಿ, ತಲೆ ಹೊರಗೆ ಹಾಕಿ ಹಿಂದಕ್ಕೆ ನೋಡತೊಡಗಿದರು. ಓಣಿಯ ಬಾಗಿಲುಗಳೆಲ್ಲ ತೆರೆದವು. ಊರು ದಾಟುವ ಮುನ್ನ ಹತ್ತಿಯ ಲಾರಿಗಳು, ಆಟೋಗಳು ಒಂದರ ಬೆನ್ನಿಗೊಂದು ನುಗ್ಗುವ ಜಾಗವೊಂದಿದೆ. ಅಲ್ಲಿ ಎಡಕ್ಕೆ ಹೊರಳಬೇಕು. ನಾನು ಯಾವಾಗಲೂ ಕನ್ನಡಿ ನೋಡಿ, ಮತ್ತೆ ಕತ್ತು ತಿರುಗಿಸಿ ನೋಡಿ, ಆಮೇಲೆ ಹೊರಳುವವಳು.

"ತಡಿ, ಲಾರಿ ಬರಾಕತ್ತೇತಿ," ಎಂದರು ಅತ್ತೆ. ನಿಲ್ಲಿಸಿದೆ. ಲಾರಿ ಪಕ್ಕದಲ್ಲೇ ಹಾದು ಹೋಯಿತು.

"ಈಗ ಯಾರೂ ಇಲ್ಲ. ಹೊಳ್ಳಸು."

ನಾನು ಕತ್ತು ತಿರುಗಿಸಲಿಲ್ಲ. ಎಡಕ್ಕೆ ಹೊರಳಿಸಿದೆ.